ದೇವಾನಾಂಪ್ರಿಯ ಶಬ್ದದ ಅರ್ಥವಿಚಾರ

೧

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿಗೆ ಸೇರಿದ ದಢೇಸುಗೂರು ತುಂಗಭದ್ರೆಯ ಎಡದಂಡೆಯ ಒಂದು ಗ್ರಾಮ. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯು ಹೊಳೆಯನ್ನು ದಾಟುವುದು ಈ ಗ್ರಾಮದ ಬಳಿಯಲ್ಲಿ. ಇಲ್ಲಿಂದ ವಾಯವ್ಯಕ್ಕೆ, ಸಿಂಧನೂರಿನ ಆಚೆಗೆ, ಮಸ್ಕಿ ಇರುವುದು. ಹೊಳೆಯ ಆಚೆಯ ದಡದ ಕಡೆಗೆ, ಬಳ್ಳಾರಿಯ ಸೀಮೆಯಲ್ಲಿ, ನಿಟ್ಟೂರು ಮತ್ತು ಉದೆಗೊಳಂ ಎಂಬ ಗ್ರಾಮಗಳಿರುವುವು. ಈ ಮೂರು ಸ್ಥಳಗಳಲ್ಲಿಯೂ ಮೌರ್ಯ ಚಕ್ರವರ್ತಿಯಾದ ಅಶೋಕನ ಬಂಡೆಗಲ್ಲಿನ ಶಾಸನಗಳು ದೊರೆತಿವೆ. ಅಶೋಕನ ಧರ್ಮಲಿಪಿಗಳು ಗಾಂಧಾರದಿಂದ ಕರ್ಣಾಟಕದವರೆಗೆ ಹಬ್ಬಿಕೊಂಡಿದ್ದರೂ, ಆ ಲಿಪಿಗಳಲ್ಲಿ ಆತನ ನಿಜನಾಮವು ಕಾಣಿಸಿಕೊಳ್ಳುವ ಸ್ಥಳಗಳು ನಾಲ್ಕೇ. ಅವುಗಳಲ್ಲಿ ಒಂದು ಮಧ್ಯಪ್ರದೇಶದ ಗುಜರ್ರಾ. ಉಳಿದ ಮೂರೂ ದಢೇಸುಗೂರಿನ ಸುತ್ತಿನ ಈ ಸೀಮೆಯವೇ ಆಗಿರುವುವು.

ಉಳಿದೆಲ್ಲ ಕಡೆಗಳಲ್ಲಿಯೂ ಅರಸನು ತನ್ನನ್ನು ಹೆಸರಿನಿಂದ ಕರೆದುಕೊಂಡಿಲ್ಲ. ‘ದೇವಾನಾಂಪ್ರಿಯ’ ಎಂದೋ, ‘ಪ್ರಿಯದರ್ಶಿ’ ಎಂದೋ, ಎರಡನ್ನೂ ಕೂಡಿಸಿಯೋ ಹೇಳಿಕೊಂಡಿರುವನು. ‘ದೇವಾನಾಂಪ್ರಿಯ’ ಎಂದರೆ ದೇವತೆಗಳಿಗೆ ಪ್ರಿಯನಾದವನು. ಶಬ್ದಾರ್ಥವು ಸ್ಪಷ್ಟವಾಗಿಯೇ ಇದೆ. ಆದರೆ ಇದೇ ಶಬ್ದವನ್ನು ಸಂಸ್ಕೃತದ ನಿಘಂಟಿನಲ್ಲಿ ಹುಡುಕಿದವನಿಗೆ ‘ಮೂರ್ಖ’ ಎಂಬ ಅರ್ಥವು ದೊರೆಯುತ್ತದೆ. ಹೇಮಚಂದ್ರಾಚಾರ್ಯನ ಅಭಿಧಾನಚಿಂತಾಮಣಿಯು ಇದನ್ನು ಮೂಢನ ಪರ್ಯಾಯಪದಗಳ ಸಾಲಿನಲ್ಲಿ ಸೇರಿಸಿದೆ. ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯು ಈ ರೂಪವು ಮೂರ್ಖನೆಂಬ ಅರ್ಥದಲ್ಲಿ ಸಾಧುವೆಂದು ವಿಧಿಸುತ್ತದೆ. ಹೀಗಿರಲು, ಒಂದು ಚಕ್ರಾಧಿಪತ್ಯವನ್ನಾಳಿದ ದೊರೆಯು ಕಲ್ಲಿನ ಮೇಲೆ ಶಾಶ್ವತವಾಗಿ ಕೆತ್ತಿಸಿದ ಬಿರುದು ಬೈಗುಳವಾದುದು ಹೇಗೆ? ಆ ಬೈಗುಳದ ಅರ್ಥವು ಅಶೋಕನ ಕಾಲದಲ್ಲಿಯೇ ಇದ್ದಿತೇ, ಅಥವಾ ಅನಂತರ ಬಂದುದೇ? ಬಂದುದಾದರೆ ಅದಕ್ಕೆ ಮತದ್ವೇಷವು ಕಾರಣವೇ? ಇವು ಬರಿಯ ಶಬ್ದಶಾಸ್ತ್ರದ ಪ್ರಶ್ನೆಗಳಲ್ಲ. ಒಂದು ಶಬ್ದದ ಅರ್ಥವನ್ನು ತಪ್ಪಾಗಿ ಹಿಡಿದುದರಿಂದ ಒಬ್ಬ ಅರಸನ ಕಾರ್ಯವನ್ನು ಮತ್ತೊಬ್ಬ ಅರಸನಿಗೆ ಸಲ್ಲಿಸಿದ ಸಂದರ್ಭವೂ ಈ ಚರಿತ್ರೆಯಲ್ಲಿ ಉಂಟು.

೨

ಈ ವಿಚಾರಕ್ಕೆ ಪ್ರವೇಶಿಸುವ ಮೊದಲು ದೂರದೇಶದ ಒಂದು ಶಬ್ದವನ್ನು ಪರಿಶೀಲಿಸುವುದು ಉಪಯುಕ್ತ. ಸ್ಪೇನ್ ದೇಶದವರ ಭಾಷೆಯಲ್ಲಿ ‘ಬೆಂದಿತೊ’ ಎಂಬ ಮಾತೊಂದಿದೆ. ಇದು ಲ್ಯಾಟಿನ್ನಿನ ‘ಬೆನೆದಿಕ್ತುಸ್’ ಎಂಬುದರಿಂದ ಬಂದುದು. ‘ಬೆನೆ’ ಎಂದರೆ ಒಳ್ಳೆಯದಾಗಿ, ‘ದಿಕ್ತುಸ್’ ಎಂದರೆ ಹೇಳಲ್ಪಟ್ಟವನು. ಒಟ್ಟಿನಲ್ಲಿ ಆಶೀರ್ವಾದವನ್ನು ಪಡೆದವನು. ಕ್ರೈಸ್ತರ ದೇವಾಲಯದ ಬಾಗಿಲಲ್ಲಿ ಇಟ್ಟಿರುವ ಮಂತ್ರಿಸಿದ ನೀರನ್ನು ಹೇಳುವಾಗ ಈ ಮಾತಿಗೆ ‘ಪವಿತ್ರ’ ಎಂದು ಅರ್ಥ. ಸತ್ಪುರುಷನನ್ನು ಹೇಳುವಾಗ ‘ಧನ್ಯ’ ಎಂದು ಅರ್ಥ. ಲೌಕಿಕ ಸುಖವನ್ನು ಕುರಿತು ಹೇಳುವಾಗ ‘ಭಾಗ್ಯಶಾಲಿ’ ಎಂದು ಅರ್ಥ. ಆದರೆ ಅದೇ ಭಾಷೆಯವರು ನೆರೆಮನೆಯವನೊಬ್ಬನನ್ನು ಕುರಿತು ‘ಅವನೊಬ್ಬ ಬೆಂದಿತೊ’ ಎಂದರೆ, ಅವನು ಕಪಟವರಿಯದ ಮಂದಬುದ್ಧಿಯವನೆಂದು ತಿಳಿಯತಕ್ಕದ್ದು. ಒಬ್ಬನು ಮೈಮರೆತು ನಿದ್ರಿಸಿದರೆ ಬೆಂದಿತೊವಿನಂತೆ ಮಲಗಿದನೆನ್ನುವರು. ಬೇಸರ ಹುಟ್ಟಿಸಿದ ವಸ್ತುವಿಗೂ ಸಿಟ್ಟಿನಿಂದ ಈ ವಿಶೇಷಣವನ್ನೇ ಹಚ್ಚುವುದುಂಟು; ಆಗ ಅದು ‘ಹಾಳಾದ’ ಎಂಬುದಕ್ಕೆ ಸಮನಾಗುತ್ತದೆ.

ಇಲ್ಲಿ ಒಂದೇ ಶಬ್ದವು ಪವಿತ್ರತೆಯಿಂದ ಮೊದಲಾಗಿ ಮೂಢತನದವರೆಗೆ, ಅಲ್ಲಿಂದ ಶಾಪದ ಅಂಚಿನವರೆಗೆ ನಡೆದಿರುವುದು. ಆದರೂ ಆ ದೇಶದವರು ಒಬ್ಬರ ಮಾತನ್ನೊಬ್ಬರು ತಪ್ಪಾಗಿ ತಿಳಿಯುವುದಿಲ್ಲ. ಶಬ್ದದ ಮಗ್ಗುಲಲ್ಲಿ ನೀರಿದೆಯೇ ಮನುಷ್ಯನಿದ್ದಾನೆಯೇ, ನುಡಿದವನು ಪಾದ್ರಿಯೇ ನೆರೆಯವನೇ, ಧ್ವನಿಯಲ್ಲಿ ಭಕ್ತಿಯಿದೆಯೇ ನಗೆಯಿದೆಯೇ ಎಂಬುದನ್ನು ನೋಡಿ ಅರ್ಥವನ್ನು ನಿರ್ಣಯಿಸುವರು. ಪರಭಾಷೆಯವನು ನಿಘಂಟನ್ನು ಮಾತ್ರ ಹಿಡಿದು ಹೊರಟರೆ ಎಡವುವನು.

ಈ ನಡಿಗೆಯು ಸ್ಪೇನಿಗೆ ಮಾತ್ರ ಸೇರಿದುದಲ್ಲ. ಅದೇ ಲ್ಯಾಟಿನ್ ಮೂಲದಿಂದ ಫ್ರೆಂಚರಲ್ಲಿ ಹುಟ್ಟಿದ ‘ಬೆನೆ’ ಎಂಬ ಶಬ್ದಕ್ಕೆ ಈಗ ಉಳಿದಿರುವುದು ಪೆದ್ದನೆಂಬ ಅರ್ಥವೊಂದೇ. ಇಂಗ್ಲಿಷಿನ ‘ಸಿಲ್ಲಿ’ ಎಂಬುದು ಪೂರ್ವದಲ್ಲಿ ‘ಧನ್ಯ’ ಎಂಬ ಅರ್ಥವನ್ನು ಕೊಡುತ್ತಿದ್ದು, ‘ನಿರಪರಾಧಿ’, ‘ಪಾಪದವ’ ಎಂಬ ಮೆಟ್ಟಲುಗಳನ್ನಿಳಿದು ‘ಅವಿವೇಕಿ’ ಎಂಬಲ್ಲಿಗೆ ಬಂದು ನಿಂತಿದೆ. ದೈವಕೃಪೆಗೆ ಪಾತ್ರನಾದವನು ಲೋಕವ್ಯವಹಾರದಲ್ಲಿ ಜಾಣನಲ್ಲವೆಂಬ ಭಾವನೆಯು ಬೇರೆಬೇರೆ ಜನಾಂಗಗಳಲ್ಲಿ ಸ್ವತಂತ್ರವಾಗಿಯೇ ಹುಟ್ಟುವುದೆಂಬುದು ಇದರಿಂದ ವಿಶದವಾಗುತ್ತದೆ. ಈ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಂಡು ‘ದೇವಾನಾಂಪ್ರಿಯ’ದ ಚರಿತ್ರೆಯನ್ನು ನೋಡತಕ್ಕದ್ದು.

೩

ಈ ಶಬ್ದವು ಮೊದಲು ಗಮನ ಸೆಳೆಯುವುದು ವೈಯಾಕರಣರ ಗ್ರಂಥಗಳಲ್ಲಿ. ಷಷ್ಠೀತತ್ಪುರುಷ ಸಮಾಸದಲ್ಲಿ ಪೂರ್ವಪದದ ವಿಭಕ್ತಿಯು ಲೋಪವಾಗುವುದು ಸಾಮಾನ್ಯ ನಿಯಮ; ‘ದೇವಪ್ರಿಯ’ ಎಂದೇ ಆಗಬೇಕು. ‘ದೇವಾನಾಂ’ ಎಂಬ ವಿಭಕ್ತಿಯು ಉಳಿದುಕೊಂಡಿರುವುದು ಅಪವಾದ. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ (೬-೩-೨೧) ನಿಂದೆಯು ತೋರುವಾಗ ಷಷ್ಠಿಯು ಲೋಪವಾಗುವುದಿಲ್ಲವೆಂದು ಸೂತ್ರಿಸಿದನು. ಇದರ ಮೇಲೆ ಕಾತ್ಯಾಯನನು ಬರೆದ ವಾರ್ತಿಕಗಳಲ್ಲಿ ಒಂದು, ‘ದೇವಾನಾಂಪ್ರಿಯ’ ಎಂಬಲ್ಲಿಯೂ ಹಾಗೆಯೇ ಎಂದು ಹೇಳುತ್ತದೆ. ಸೂತ್ರವು ನಿಂದೆಯನ್ನು ಕುರಿತದ್ದಾದುದರಿಂದ, ಅದರ ಕೆಳಗೆ ಬಂದಿರುವ ಈ ಶಬ್ದವೂ ನಿಂದಾವಾಚಕವೇ ಆಗಿರಬೇಕೆಂದು ಅನೇಕರು ಊಹಿಸಿದರು. ಕಾತ್ಯಾಯನನ ಕಾಲವು ಕ್ರಿ. ಪೂ. ೩ನೆಯ ಶತಮಾನದ ಸುಮಾರಿನದೆಂದು ಬಹುಮಂದಿ ವಿದ್ವಾಂಸರ ಮತವಿರುವುದರಿಂದ, ಅಶೋಕನು ಬದುಕಿದ್ದಾಗಲೇ ಪಂಡಿತರು ಆತನ ಬಿರುದನ್ನು ಹಾಸ್ಯಮಾಡುತ್ತಿದ್ದರೆಂಬ ಕಥೆಗೂ ಇದು ಎಡೆಗೊಟ್ಟಿತು.

ಆದರೆ ವಾರ್ತಿಕದ ಅಕ್ಕಪಕ್ಕವನ್ನು ನೋಡಿದರೆ ಈ ಊಹೆಯು ನಿಲ್ಲುವುದಿಲ್ಲ. ಅದೇ ಸೂತ್ರದ ಕೆಳಗೆ ಕಾತ್ಯಾಯನನು ‘ಆಮುಷ್ಯಾಯಣ’ ಎಂಬ ಶಬ್ದವನ್ನೂ ಹೇಳಿದ್ದಾನೆ. ಅದರ ಅರ್ಥವು ಪ್ರಸಿದ್ಧ ಪುರುಷನ ವಂಶದಲ್ಲಿ ಹುಟ್ಟಿದವನು ಎಂದು. ಅದು ನಿಂದೆಯಲ್ಲ, ಪ್ರಶಂಸೆ. ‘ವಾಚೋಯುಕ್ತಿ’ ಎಂಬುದೂ ಅಲ್ಲಿಯೇ ಬರುವುದು. ಅದರಲ್ಲಿಯೂ ನಿಂದೆಯ ಸೋಂಕಿಲ್ಲ. ವಾರ್ತಿಕಕಾರನು ನಿಂದೆಯಿಲ್ಲದಿದ್ದರೂ ಷಷ್ಠಿಯು ಉಳಿಯುವ ಪ್ರಯೋಗಗಳನ್ನು ಸಂಗ್ರಹಿಸಿದನೆಂದು ತಿಳಿಯುವುದೇ ಸರಿಯಾಗಿ ತೋರುತ್ತದೆ. ‘ಮೂರ್ಖನೆಂಬ ಅರ್ಥದಲ್ಲಿ’ ಎಂಬ ಮಾತು ಕಾತ್ಯಾಯನನ ವಾರ್ತಿಕದಲ್ಲಿ ಇಲ್ಲವೇ ಇಲ್ಲ. ಕಾಶಿಕಾವೃತ್ತಿಯಲ್ಲಿಯೂ ಅದು ಕಾಣದು. ಅದು ಬಹುಕಾಲದ ಮೇಲೆ ಸೇರಿ, ಕೌಮುದಿಯ ಮೂಲಕ ಪಾಠಶಾಲೆಗಳಲ್ಲಿ ಪ್ರಚಾರಕ್ಕೆ ಬಂದುದು.

ಕ್ರಿ. ಪೂ. ೨ನೆಯ ಶತಮಾನದ ಪತಂಜಲಿಯ ಮಹಾಭಾಷ್ಯವು ಇದಕ್ಕೆ ಇನ್ನೂ ಬಲವಾದ ಸಾಕ್ಷ್ಯವನ್ನೊದಗಿಸುವುದು. ಐದನೆಯ ಅಧ್ಯಾಯದ ಒಂದು ಸೂತ್ರದ (೫-೩-೧೪) ಭಾಷ್ಯದಲ್ಲಿ ಆತನು ‘ಭವಾನ್’ ಮೊದಲಾದ ಗೌರವವಾಚಕಗಳನ್ನು ಎಣಿಸುತ್ತ, ದೀರ್ಘಾಯು, ದೇವಾನಾಂಪ್ರಿಯ, ಆಯುಷ್ಮಂತ ಎಂಬ ಶಬ್ದಗಳನ್ನು ಒಟ್ಟಿಗೆ ಕೊಟ್ಟಿರುವನು. ನೂರಾರು ವರ್ಷ ಬಾಳು ಎಂದು ಹರಸುವ ಮಾತುಗಳ ನಡುವೆ ಬೈಗುಳವೊಂದು ಕುಳಿತಿರುವುದು ಅಸಂಭವ. ಮೌರ್ಯರ ಪತನವಾದ ಮೇಲೆಯೂ, ವೈದಿಕ ಸಂಪ್ರದಾಯದ ಆಚಾರ್ಯನೊಬ್ಬನ ಬಾಯಲ್ಲಿ ಇದು ಶಿಷ್ಟರು ಶಿಷ್ಟರನ್ನು ಮನ್ನಿಸುವ ಮಾತೇ ಆಗಿದ್ದಿತು.

ಮಹಾಭಾಷ್ಯದಲ್ಲಿಯೇ (೨-೪-೫೬) ಬರುವ ಒಂದು ಸಂವಾದವು ಈ ಶಬ್ದದ ಮುಂದಿನ ದಾರಿಯನ್ನು ಸೂಚಿಸುವಂತಿದೆ. ಒಬ್ಬ ವೈಯಾಕರಣನು ರಥವೊಂದನ್ನು ಕಂಡು, ಇದರ ‘ಪ್ರವೇತಾ’ ಯಾರೆಂದು ಕೇಳಿದನು. ಸಾರಥಿಯು ‘ಆಯುಷ್ಮಂತನೇ’ ಎಂದು ಸಂಬೋಧಿಸಿ, ತಾನೇ ಇದರ ‘ಪ್ರಾಜಿತಾ’ ಎಂದನು. ವ್ಯಾಕರಣದ ವಿಧಿಯಂತೆ ಆ ರೂಪವು ತಪ್ಪೆಂದು ಪಂಡಿತನು ಆಕ್ಷೇಪಿಸಿದನು. ಅದಕ್ಕೆ ಸಾರಥಿಯು, ದೇವಾನಾಂಪ್ರಿಯನು ವಿಧಿಯನ್ನು ಬಲ್ಲನೇ ಹೊರತು ಲೋಕದ ಇಷ್ಟವನ್ನು ಅರಿಯನೆಂದೂ, ಈ ರೂಪವು ಬಳಕೆಯಲ್ಲಿ ಇರತಕ್ಕದ್ದೇ ಎಂದೂ ಉತ್ತರಕೊಟ್ಟನು. ಪಂಡಿತನು ಕುಪಿತನಾಗಿ ‘ಸೂತ’ ಎಂಬುದನ್ನು ತಿರುಚಿ ಬಯ್ಯಹೋಗಿ ‘ದುರುತ’ ಎಂದನು. ಸಾರಥಿಯು ಆ ಬೈಗುಳದ ವ್ಯುತ್ಪತ್ತಿಯೂ ತಪ್ಪೆಂದು ತೋರಿಸಿ ಅವನನ್ನು ತಿದ್ದಿದನು.

ಈ ಸಂವಾದದಲ್ಲಿ ‘ದೇವಾನಾಂಪ್ರಿಯ’ ಎಂಬುದಕ್ಕೆ ಮೂರ್ಖನೆಂದು ಅರ್ಥಮಾಡಬೇಕಾದ ಅಗತ್ಯವಿಲ್ಲ. ಸಾರಥಿಯು ಮೊದಲು ‘ಆಯುಷ್ಮಂತ’ನೆಂದಂತೆಯೇ ಅನಂತರ ‘ದೇವಾನಾಂಪ್ರಿಯ’ನೆಂದನು, ಎರಡೂ ಮರ್ಯಾದೆಯ ಮಾತುಗಳೇ. ಆದರೆ ವಾದದಲ್ಲಿ ಎದುರಾಳಿಯನ್ನು ಸೋಲಿಸುವ ಗಳಿಗೆಯಲ್ಲಿ ಆಡಿದ ಮರ್ಯಾದೆಯ ಮಾತು ಕೇಳುವವರ ತುಟಿಯಲ್ಲಿ ನಗೆಯನ್ನು ತರುವುದು ಸಹಜ. ಗೌರವವು ವ್ಯಂಗ್ಯಕ್ಕೆ ತಿರುಗುವ ಬಾಗಿಲು ಇಲ್ಲಿಯೇ ಇದೆ. ಶತಮಾನಗಳ ತರುವಾಯ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಒಂದೆಡೆಯಲ್ಲಿ (೧-೨-೮) ಪೂರ್ವಪಕ್ಷಿಯನ್ನು ಪ್ರಶ್ನಿಸುವಾಗ ಇದೇ ಶಬ್ದವನ್ನು ಬಳಸಿರುವರು. ಅಲ್ಲಿ ವ್ಯಂಗ್ಯವು ಸ್ಫುಟವಾಗಿದೆ; ಆದರೂ ಮಾತಿನ ಮೇಲುಹೊದಿಕೆ ಮರ್ಯಾದೆಯದೇ. ಅಂತೂ ವಾದಭೂಮಿಯಲ್ಲಿ ಹೀಗೆ ಬಳಸಿ ಬಳಸಿ ಹೊದಿಕೆ ಹರಿದು, ಹೇಮಚಂದ್ರನ ಕಾಲಕ್ಕೆ, ಎಂದರೆ ಕ್ರಿ. ಶ. ೧೨ನೆಯ ಶತಮಾನಕ್ಕೆ, ಒಳಗಿನ ಅರ್ಥವೇ ನಿಘಂಟಿಗೆ ಏರಿತು.

೪

ಇನ್ನು ಶಾಸನಗಳ ಸಾಕ್ಷ್ಯ. ಅಶೋಕನ ದೊಡ್ಡ ಬಂಡೆಯ ಶಾಸನಗಳಲ್ಲಿ ಎಂಟನೆಯದು, ಹಿಂದಿನ ಅರಸರು ಬೇಟೆ ಮೊದಲಾದ ವಿಹಾರಯಾತ್ರೆಗಳಿಗೆ ಹೋಗುತ್ತಿದ್ದರು, ತಾನು ಧರ್ಮಯಾತ್ರೆಯನ್ನು ಕೈಕೊಂಡೆನು ಎಂದು ತಿಳಿಸುವುದು. ಈ ಶಾಸನದ ಗಿರನಾರ್ ಪಾಠದಲ್ಲಿ ‘ಹಿಂದಿನ ಅರಸರು’ ಎಂಬಲ್ಲಿ ‘ರಾಜಾನೋ’ ಎಂದಿದೆ. ಕಾಲ್ಸಿ, ಶಾಹಬಾಜಗಢಿ, ಮಾನ್ಸೇಹ್ರಾಗಳ ಪಾಠಗಳಲ್ಲಿ ಅದೇ ಸ್ಥಳದಲ್ಲಿ ‘ದೇವಾನಾಂಪ್ರಿಯ’ ಎಂಬುದರ ಬಹುವಚನವಿರುವುದು. ಒಂದೇ ಆಜ್ಞೆಯ ಎರಡು ಪಾಠಗಳಲ್ಲಿ ಒಂದರ ಬದಲಿಗೆ ಇನ್ನೊಂದು ನಿಂತಿರುವುದರಿಂದ, ಆ ಕಾಲದಲ್ಲಿ ಈ ಶಬ್ದವು ‘ಅರಸ’ ಎಂಬುದಕ್ಕೆ ಪರ್ಯಾಯವಾಗಿ ನಡೆಯುತ್ತಿದ್ದಿತೆಂಬುದು ನಿರ್ವಿವಾದ. ಅಶೋಕನ ಮೊಮ್ಮಗನೆನಿಸಿದ ದಶರಥನು ಬಿಹಾರದ ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನಮಾಡಿದಾಗ ತಾನೂ ಇದೇ ಬಿರುದನ್ನು ಧರಿಸಿದನು. ಸಿಂಹಳದಲ್ಲಿ ಅಶೋಕನ ಸಮಕಾಲೀನನಾದ ತಿಸ್ಸನು ‘ದೇವಾನಂಪಿಯ ತಿಸ್ಸ’ನೆಂದೇ ಪ್ರಸಿದ್ಧನಾಗಿರುವನು.

ಜೈನಾಗಮಗಳ ಪ್ರಾಕೃತದಲ್ಲಿ ‘ದೇವಾಣುಪ್ಪಿಯ’ ಎಂಬ ಸಂಬೋಧನೆಯು ಹೆಜ್ಜೆಹೆಜ್ಜೆಗೂ ಬರುತ್ತದೆ. ಅಲ್ಲಿ ಹೆಂಡತಿಯು ಗಂಡನನ್ನೂ, ಅರಸನು ಸೇವಕರನ್ನೂ, ಗೃಹಸ್ಥರು ಒಬ್ಬರನ್ನೊಬ್ಬರನ್ನೂ ಈ ಮಾತಿನಿಂದ ಕರೆಯುವರು. ಇದರಿಂದ ಈ ಶಬ್ದವು ಅರಸರಿಗೆ ಮಾತ್ರ ಮೀಸಲಾಗಿರಲಿಲ್ಲವೆಂದೂ, ಬೌದ್ಧರಿಗೆ ಮಾತ್ರ ಸೇರಿದುದಲ್ಲವೆಂದೂ ಸಿದ್ಧವಾಗುತ್ತದೆ. ಕ್ರಿ. ಶ. ೭ನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿಯೂ ಇದರ ಗೌರವಾರ್ಥದ ಪ್ರಯೋಗವುಂಟು.

ಹೊರನಾಡಿನ ಒಂದು ಸಾಕ್ಷ್ಯವನ್ನೂ ಇಲ್ಲಿ ಸೇರಿಸಬಹುದು. ೧೯೫೮ರಲ್ಲಿ ಕಂದಹಾರದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಎರಡರಲ್ಲಿಯೂ ‘ಪ್ರಿಯದರ್ಶಿ’ ಎಂಬುದು ಹೆಸರಿನಂತೆ ಧ್ವನಿಮಾತ್ರದಿಂದ ಬರೆಯಲ್ಪಟ್ಟಿದೆ. ‘ದೇವಾನಾಂಪ್ರಿಯ’ ಎಂಬುದು ಎರಡರಲ್ಲಿಯೂ ಇಲ್ಲ. ಗ್ರೀಕಿನಲ್ಲಿ ‘ರಾಜನು’ ಎಂದಿದೆ; ಅರಾಮಿಕಿನಲ್ಲಿ ‘ನಮ್ಮ ಒಡೆಯನು’ ಎಂಬ ಮಾತಿದೆ. ಭಾಷಾಂತರಕಾರರು ಒಂದನ್ನು ಹೆಸರಾಗಿಯೂ ಇನ್ನೊಂದನ್ನು ಮನ್ನಣೆಯ ಮಾತಾಗಿಯೂ ಎಣಿಸಿದರೆಂದು ಊಹಿಸಲು ಇದು ಆಸ್ಪದವೀಯುವುದು.

೫

ಬಿರುದು ಅನೇಕರಿಗೆ ಸಲ್ಲುವಂಥದಾದರೆ ಅದರಿಂದ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಓದಿ, ದೆಹಲಿಯ ಸ್ತಂಭದ ಮೇಲೆ ‘ದೇವಾನಂಪಿಯ ಪಿಯದಸಿ’ ಎಂಬ ಅರಸನ ಮಾತುಗಳಿವೆಯೆಂದು ಪ್ರಕಟಿಸಿದಾಗ ಒದಗಿದ ತೊಡಕು ಇದೇ. ಪುರಾಣಗಳ ರಾಜವಂಶಾವಳಿಗಳಲ್ಲಿ ಅಂಥ ಹೆಸರಿನ ಅರಸನಿರಲಿಲ್ಲ. ದೇವಾನಂಪಿಯನೆಂದು ಚರಿತ್ರೆಯಲ್ಲಿ ತಿಳಿದುಬಂದಿದ್ದವನು ಸಿಂಹಳದ ತಿಸ್ಸನೊಬ್ಬನೇ. ಆದುದರಿಂದ ಈ ಶಾಸನಗಳು ಸಿಂಹಳದ ದೊರೆಯವೆಂದು ಪ್ರಿನ್ಸೆಪನು ಮೊದಲು ಭಾವಿಸಿದನು. ಬಿರುದನ್ನು ಅಂಕಿತನಾಮವೆಂದು ಗ್ರಹಿಸಿದುದರಿಂದ, ಗಂಗಾತೀರದ ಸಾಮ್ರಾಟನ ಮಾತುಗಳು ಕೆಲವು ಕಾಲ ಸಮುದ್ರದಾಚೆಯ ದ್ವೀಪದ ಅರಸನಿಗೆ ಸಂದುವು. ಅದೇ ವರ್ಷದಲ್ಲಿ ಸಿಂಹಳದ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರನು ದೀಪವಂಸವೆಂಬ ಪಾಲಿ ಗ್ರಂಥದಲ್ಲಿ ‘ಪಿಯದಸ್ಸಿ’ ಎಂಬುದು ಚಂದ್ರಗುಪ್ತನ ಮೊಮ್ಮಗನಾದ ಅಶೋಕನಿಗೇ ಪ್ರಯುಕ್ತವಾಗಿರುವುದನ್ನು ತೋರಿಸಿಕೊಟ್ಟಮೇಲೆ ಈ ಭ್ರಾಂತಿಯು ನೀಗಿತು.

ಆದರೂ ಈ ನಿರ್ಣಯಕ್ಕೆ ಆಧಾರವಾದುದು ಪರದೇಶದ, ಪರಕಾಲದ ಗ್ರಂಥ. ಕ್ರಿ. ಶ. ೧೫೦ರ ಸುಮಾರಿನ ರುದ್ರದಾಮನ ಜುನಾಗಢದ ಶಾಸನದಲ್ಲಿ ಮೌರ್ಯ ಅಶೋಕನ ಹೆಸರು ಬಂದಿದ್ದರೂ, ಅಲ್ಲಿ ಬಿರುದುಗಳಿಲ್ಲ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕಂಡುಹಿಡಿದ ಶಾಸನಗಳಲ್ಲಿಯೂ ಆಜ್ಞೆಯನ್ನು ಕೊಡುವವನು ‘ದೇವಾನಂಪಿಯ’ನೆಂದಷ್ಟೇ ಇದ್ದಿತು. ಬಿರುದೂ ಹೆಸರೂ ಒಂದೇ ಕಲ್ಲಿನ ಮೇಲೆ ಜೊತೆಯಾಗಿ ಸಿಕ್ಕಬೇಕಾಗಿದ್ದಿತು.

ಸಿಕ್ಕಿದುದು ಮಸ್ಕಿಯಲ್ಲಿ. ಆ ಕಾಲಕ್ಕೆ ನಿಜಾಮರ ಸಂಸ್ಥಾನದ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯು ಇಂದು ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಪ್ರಾಚೀನ ಕಾಲದ ಚಿನ್ನದ ಗಣಿಗಳ ಕುರುಹುಗಳು ಈ ಪ್ರಾಂತದಲ್ಲಿ ಅನೇಕವಿರುವುವು; ಹಟ್ಟಿಯ ಗಣಿಯಲ್ಲಿ ಈಗಲೂ ಕೆಲಸ ನಡೆಯುತ್ತಿದೆ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬುವರು ಊರ ಬಳಿಯ ದುರ್ಗದ ಗುಡ್ಡದ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದು ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ಅದನ್ನು ಪ್ರಕಟಪಡಿಸಿದರು. ಶಾಸನವು ಅಲ್ಲಲ್ಲಿ ಸವೆದಿದೆ, ಒಡೆದಿದೆ. ಆದರೆ ಮೊದಲ ಸಾಲಿನ ಆರಂಭವು ಉಳಿದಿರುವುದು. ಅಲ್ಲಿ ‘ದೇವಾನಂಪಿಯಸ ಅಸೋಕಸ’ ಎಂಬ ಎರಡು ಪದಗಳಿವೆ. ದೇವಾನಂಪಿಯನಾದ ಅಶೋಕನ ಎಂದು ಅದರ ಅರ್ಥ. ಎಪ್ಪತ್ತೆಂಟು ವರ್ಷಗಳ ಹಿಂದೆ ಟರ್ನರನು ಗ್ರಂಥಬಲದಿಂದ ಹೇಳಿದುದನ್ನು ಸ್ವಯಂ ಅಶೋಕನ ಕಲ್ಲೇ ದೃಢಪಡಿಸಿತು.

ಈ ಎರಡು ಪದಗಳು ಒಂದೇ ವಿಭಕ್ತಿಯಲ್ಲಿ ಒಂದರ ಮುಂದೊಂದು ನಿಂತಿರುವುದು ಗಮನಾರ್ಹ. ಎರಡೂ ಹೆಸರುಗಳಾಗಿದ್ದರೆ ಈ ಜೋಡಣೆಯು ಅನಾವಶ್ಯಕ. ಒಂದು ಬಿರುದು, ಒಂದು ಹೆಸರು ಎಂದಾಗ ಮಾತ್ರ ಇದು ಸರಿಹೊಂದುವುದು. ಗುಜರ್ರಾದಲ್ಲಿ ೧೯೫೦ರ ದಶಕದಲ್ಲಿ ದೊರೆತ ಪಾಠದಲ್ಲಿ ದೇವಾನಂಪಿಯ, ಪಿಯದಸಿ, ಅಶೋಕರಾಜ ಎಂಬ ಮೂರೂ ಕೂಡಿ ಬಂದುವು. ೧೯೭೦ರ ದಶಕದಲ್ಲಿ ನಿಟ್ಟೂರು, ಉದೆಗೊಳಂಗಳ ಬಂಡೆಗಳು ‘ರಾಜಾ ಅಸೋಕ’ ಎಂಬುದನ್ನು ಮತ್ತೆ ತೋರಿಸಿದುವು. ಹೀಗೆ ತುಂಗಭದ್ರೆಯ ಎರಡು ಕಡೆಗಳ ಕಲ್ಲುಗಳೂ ಒಂದೇ ಸಾಕ್ಷಿಯನ್ನು ನುಡಿದಂತಾಯಿತು.

೬

ಮಸ್ಕಿಯ ಬಂಡೆಯು ಇನ್ನೊಂದು ಶಬ್ದದ ವಿವಾದವನ್ನೂ ಬಿಡಿಸಿತು. ಅದು ಮೊದಲನೆಯದಕ್ಕೆ ಸಂಬಂಧವಿಲ್ಲದುದಲ್ಲ. ಈ ಕಿರಿಯ ಬಂಡೆಯ ಶಾಸನದ ಎಲ್ಲ ಪಾಠಗಳಲ್ಲಿಯೂ, ಜಂಬೂದ್ವೀಪದಲ್ಲಿ ಪೂರ್ವದಲ್ಲಿ ‘ಅಮಿಸ’ರಾಗಿದ್ದ ದೇವತೆಗಳು ಈಗ ‘ಮಿಸ’ರಾದರೆಂಬ ಅಭಿಪ್ರಾಯದ ವಾಕ್ಯವೊಂದಿದೆ. ಪ್ರಾಕೃತದ ‘ಮಿಸಾ’ ಎಂಬುದನ್ನು ಸಂಸ್ಕೃತದ ‘ಮೃಷಾ’ ಎಂಬುದಕ್ಕೂ ಸೇರಿಸಬಹುದು, ‘ಮಿಶ್ರ’ ಎಂಬುದಕ್ಕೂ ಸೇರಿಸಬಹುದು. ಮೊದಲನೆಯದಾದರೆ ‘ಸುಳ್ಳು’ ಎಂದು ಅರ್ಥ. ಎರಡನೆಯದಾದರೆ ‘ಬೆರೆತ’ ಎಂದು ಅರ್ಥ. ಸೆನಾರ್, ಬ್ಯೂಲರ್ ಮೊದಲಾದ ಪಂಡಿತರು ಮೊದಲನೆಯ ಅರ್ಥವನ್ನು ಹಿಡಿದು, ಜನರು ಸತ್ಯವೆಂದು ನಂಬಿದ್ದ ದೇವತೆಗಳನ್ನು ಅಶೋಕನು ಸುಳ್ಳಾಗಿಸಿದನೆಂದು ವ್ಯಾಖ್ಯಾನಿಸಿದರು. ಸಿಲ್ವಾಂ ಲೆವಿ ಎಂಬ ಫ್ರೆಂಚ್ ವಿದ್ವಾಂಸನು ಅದನ್ನೊಪ್ಪದೆ, ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತರೆಂದೇ ತಿಳಿಯಬೇಕೆಂದನು.

ಈ ಎರಡು ಅರ್ಥಗಳ ನಡುವಿನ ಅಂತರವು ಅಲ್ಪವಾದುದಲ್ಲ. ಒಂದನ್ನು ಹಿಡಿದರೆ ಅಶೋಕನು ಪ್ರಜೆಗಳ ದೈವಗಳನ್ನು ತಿರಸ್ಕರಿಸಿದ ಮತಖಂಡಕನಾಗುವನು. ಇನ್ನೊಂದನ್ನು ಹಿಡಿದರೆ, ಧರ್ಮಾಚರಣೆಯಿಂದ ಮನುಷ್ಯರನ್ನು ದೇವತೆಗಳ ಸಮೀಪಕ್ಕೆ ತಂದೆನೆಂದು ಸಂತೋಷಪಡುವ ಪ್ರಜಾಪಾಲಕನಾಗುವನು. ಮಸ್ಕಿಯ ಪಾಠದಲ್ಲಿ ಈ ಸ್ಥಳದಲ್ಲಿ ‘ಮಿಸಿಭೂತಾ’ ಎಂದಿದೆ. ಇದು ‘ಮಿಶ್ರೀಭೂತಾಃ’ ಎಂಬುದರ ಪ್ರಾಕೃತರೂಪವಾಗಿ ಸಲೀಸಾಗಿ ಸಾಧಿಸುತ್ತದೆ. ಬೆರೆತವರಾದರು ಎಂದೇ ಇದರ ಅರ್ಥ. ೧೯೨೫ರಲ್ಲಿ ಅಶೋಕನ ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರತಂದ ಹುಲ್ಟ್ಸ್ ಅವರೂ ‘ಮಿಶ್ರ’ ಪಕ್ಷವನ್ನೇ ಅಂಗೀಕರಿಸಿದರು. ದೇವತೆಗಳನ್ನು ಸುಳ್ಳೆಂದು ಸಾರುವ ಶಾಸನವು ‘ದೇವತೆಗಳಿಗೆ ಪ್ರಿಯನಾದವನ’ ಹೆಸರಿನಲ್ಲಿಯೇ ಹೊರಡುವುದು ವಿಪರೀತ. ‘ಮಿಶ್ರ’ ಎಂದು ಓದಿದರೆ ಬಿರುದಿಗೂ ವಾಕ್ಯಕ್ಕೂ ಹೊಂದಿಕೆಯಾಗುತ್ತದೆ. ಸಂದಿಗ್ಧವಾದ ಎರಡು ಶಬ್ದಗಳು ಒಂದೇ ಬಂಡೆಯ ಮೇಲೆ ಒಂದರ ಅರ್ಥವನ್ನು ಇನ್ನೊಂದು ಬೆಳಗಿಸಿರುವುವು.

೭

ಇನ್ನುಳಿದುದು, ಬಿರುದು ಬೈಗುಳವಾದುದಕ್ಕೆ ಕಾರಣವೇನೆಂಬ ಪ್ರಶ್ನೆ. ಬೌದ್ಧಮತದ ಮೇಲಣ ದ್ವೇಷದಿಂದ ವೈದಿಕರು ಅಶೋಕನ ಬಿರುದನ್ನು ಬೇಕೆಂದೇ ಕೆಡಿಸಿದರೆಂಬ ಮತವು ಪ್ರಚಾರದಲ್ಲಿದೆ. ಇದು ಕೇಳಲು ಸೊಗಸಾಗಿದ್ದರೂ ಮೇಲೆ ಹೇಳಿದ ಆಧಾರಗಳಿಗೆ ಹೊಂದುವುದಿಲ್ಲ. ಅಶೋಕನಾದ ಮೇಲೆ ಬಂದ ಪತಂಜಲಿಯು ಇದನ್ನು ಗೌರವವಾಚಕಗಳಲ್ಲಿ ಎಣಿಸಿರುವನು. ಎಂಟುನೂರು ವರ್ಷಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ಬಾಣನು ಗೌರವವಾಗಿಯೇ ಬಳಸಿರುವನು. ದ್ವೇಷದಿಂದ ಕೆಟ್ಟ ಮಾತು ಇಷ್ಟು ಕಾಲ ಕೆಡದೆ ಉಳಿಯುವುದುಂಟೇ? ಅದಲ್ಲದೆ, ಮೂಢನೆಂಬ ಅರ್ಥವನ್ನು ನಿಘಂಟಿನಲ್ಲಿ ಬರೆದಿಟ್ಟ ಹೇಮಚಂದ್ರನು ವೈದಿಕನಲ್ಲ, ಜೈನಾಚಾರ್ಯ; ಆತನ ಮತದ ಆಗಮಗಳಲ್ಲಿಯೇ ‘ದೇವಾಣುಪ್ಪಿಯ’ ಎಂಬುದು ಪ್ರೀತಿಯ ಸಂಬೋಧನೆಯಾಗಿ ತುಂಬಿಕೊಂಡಿದೆ. ಒಂದೇ ಮತದವರು ಪ್ರಾಕೃತದಲ್ಲಿ ಅದನ್ನು ಮನ್ನಣೆಗೂ, ಸಂಸ್ಕೃತದಲ್ಲಿ ಅವಹೇಳನಕ್ಕೂ ಬಳಸಿದರೆಂದಮೇಲೆ, ಕಾರಣವನ್ನು ಮತದಲ್ಲಿ ಹುಡುಕುವುದು ವ್ಯರ್ಥ.

ಉತ್ತರಕಾಲದ ವ್ಯಾಖ್ಯಾನಕಾರರು ಬೇರೊಂದು ಸಮಾಧಾನವನ್ನು ಕೊಟ್ಟಿರುವರು. ಆತ್ಮಜ್ಞಾನವಿಲ್ಲದೆ ಯಜ್ಞಗಳನ್ನು ಮಾತ್ರ ಮಾಡುತ್ತಿರುವವನು, ಮನುಷ್ಯರಿಗೆ ದನಕರುಗಳು ಹೇಗೋ ಹಾಗೆ ದೇವತೆಗಳಿಗೆ ಉಪಯುಕ್ತನೆಂದು ಬೃಹದಾರಣ್ಯಕವು ಹೇಳುವುದು. ಆದುದರಿಂದ ಅಜ್ಞಾನಿಯೇ ದೇವತೆಗಳಿಗೆ ಪ್ರಿಯನೆಂದು ಅವರ ವಿವರಣೆ. ಇದು ಚಮತ್ಕಾರವಾದುದು, ಆದರೆ ಅರ್ಥವು ಬದಲಾದ ಮೇಲೆ ಹುಟ್ಟಿದ ವಿವರಣೆಯೇ ಹೊರತು ಬದಲಾವಣೆಗೆ ಕಾರಣವಲ್ಲ.

ನಿಜವಾದ ಕಾರಣವು ಸ್ಪೇನಿನ ‘ಬೆಂದಿತೊ’ ನಡೆದ ದಾರಿಯಲ್ಲಿಯೇ ಇರುವುದು. ಕನ್ನಡಿಗರಿಗೆ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ‘ಭೂಪ’ ಎಂದರೆ ಭೂಮಿಯನ್ನು ಪಾಲಿಸುವವನು; ಆದರೆ ಊರಿನಲ್ಲಿ ಒಬ್ಬನು ವಿಪರೀತ ಕೆಲಸವೊಂದನ್ನು ಮಾಡಿದಾಗ ‘ಎಂಥ ಭೂಪನಯ್ಯಾ’ ಎನ್ನುವರು. ‘ಪುಣ್ಯಾತ್ಮ’, ‘ಮಹಾನುಭಾವ’, ‘ಮಹರಾಯ’ ಎಂಬ ಮಾತುಗಳು ಭಕ್ತಿಯಿಂದಲೂ ಬರುವುವು, ಸಾಲವನ್ನು ತೀರಿಸದವನನ್ನು ಕುರಿತು ಬೇಸತ್ತ ಬಾಯಿಂದಲೂ ಬರುವುವು. ‘ಸಾಧು’ ಎಂಬುದು ಸನ್ಯಾಸಿಗೂ, ಹಾಯದ ಹಸುವಿಗೂ, ವ್ಯಾಕರಣಶುದ್ಧವಾದ ಪದಕ್ಕೂ ಸಲ್ಲುವುದು. ‘ಪಾಪ’ ಎಂಬ ಘೋರವಾದ ಶಬ್ದವೇ ಕನಿಕರದ ಉದ್ಗಾರವಾಗಿರುವುದು. ಈ ಬದಲಾವಣೆಗಳನ್ನು ಯಾವ ಮತದವರೂ ಯಾರ ಮೇಲಣ ಹಗೆಯಿಂದಲೂ ಮಾಡಿದುದಲ್ಲ. ಮರ್ಯಾದೆಯ ಮಾತು ಹೆಚ್ಚು ಚಲಾವಣೆಗೆ ಬಂದಷ್ಟೂ ಸವೆಯುವುದು. ಸವೆದ ಮಾತು ಮೊದಲು ನಗೆಗೆ, ಅನಂತರ ನಿಂದೆಗೆ ಒದಗುವುದು.

೮

ಇಷ್ಟರಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ‘ದೇವಾನಾಂಪ್ರಿಯ’ ಶಬ್ದಕ್ಕೆ ನಾಲ್ಕು ಅರ್ಥಗಳು ಕಾಣಬರುತ್ತವೆ: ದೇವತೆಗಳಿಗೆ ಪ್ರಿಯನೆಂಬ ಯೌಗಿಕಾರ್ಥ, ಎದುರಿನವನನ್ನು ಮನ್ನಿಸುವ ಸಂಬೋಧನೆ, ಅರಸನ ಬಿರುದು, ಮೂಢನೆಂಬ ನಿಂದೆ. ಮೊದಲ ಮೂರು ಅಶೋಕನ ಕಾಲಕ್ಕೂ ಅದರ ಸಮೀಪದ ಕ್ರಿಸ್ತಪೂರ್ವ ಶತಮಾನಗಳಿಗೂ ಸಲ್ಲುವುವು. ನಾಲ್ಕನೆಯದು ಪಂಡಿತರ ವಾದಗಳಲ್ಲಿ ಕ್ರಮಕ್ರಮವಾಗಿ ಬೆಳೆದುಬಂದುದು. ಕೌಮುದಿಯನ್ನು ಹಿಡಿದು ಮಸ್ಕಿಯ ಬಂಡೆಯನ್ನು ಓದುವುದು, ಮೊಮ್ಮಗನ ನಡತೆಯಿಂದ ಅಜ್ಜನ ಗುಣವನ್ನು ನಿರ್ಣಯಿಸಿದಂತೆ. ಶಬ್ದವನ್ನು ನುಡಿದವನು ಯಾರು, ಯಾವ ಕಾಲದಲ್ಲಿ, ಯಾರನ್ನು ಕುರಿತು, ಯಾವ ಶಬ್ದದ ಜೊತೆಯಲ್ಲಿ ನುಡಿದನು ಎಂಬುದೇ ಅರ್ಥಕ್ಕೆ ಪ್ರಮಾಣ. ನಿಘಂಟು ಅದರ ಹಿಂದೆ ಬರತಕ್ಕದ್ದು. ವಿಧಿಯನ್ನು ಬಲ್ಲವನು ಬಳಕೆಯನ್ನು ಅರಿಯನೆಂದು ಮಹಾಭಾಷ್ಯದ ಸಾರಥಿಯು ಪಂಡಿತನಿಗೆ ಹೇಳಿದುದು ಈ ಶಬ್ದದ ವ್ಯಾಖ್ಯಾನಕಾರರಿಗೂ ಅನ್ವಯಿಸುವುದು.

ಮಸ್ಕಿಯಿಂದ ಹೊರಟು ಸಿಂಧನೂರನ್ನು ಹಾದು, ದಢೇಸುಗೂರಿನಲ್ಲಿ ಹೊಳೆಯನ್ನು ದಾಟಿ ನಿಟ್ಟೂರಿನ ಕಡೆಗೆ ಹೋಗುವವನ ದಾರಿಯ ಎರಡು ತುದಿಗಳಲ್ಲಿಯೂ ಆ ಹಳೆಯ ಹೆಸರು ಕಲ್ಲಿನ ಮೇಲೆ ಇದೆ. ಗ್ರಂಥಗಳಲ್ಲಿ ಶಬ್ದವು ಎಷ್ಟು ವೇಷಗಳನ್ನು ತೊಟ್ಟರೂ, ಆ ಬಂಡೆಗಳಲ್ಲಿ ಅದು ಅಂದು ನಿಂತಲ್ಲಿಯೇ ನಿಂತಿರುವುದು. ಅದರ ಮಗ್ಗುಲಲ್ಲಿ ಅಶೋಕನೆಂಬ ಹೆಸರೂ ನಿಂತಿರುವುದು.